ಜೀನ್ಸಿನ ಹೊಲಿಗೆ ಬಿಚ್ಚಿದ ಆ ಮಧ್ಯಾಹ್ನಕ್ಕೆ ಐದಕ್ಕೆ ಐದು. ಉಳಿದ ಕಾರ್ಯಾಗಾರಕ್ಕೆ ಕೈ ಬಿಗಿಹಿಡಿದೇ ಅಂಕ

ಬಳ್ಳಾರಿಯಲ್ಲಿ ಹೈಪರ್ಬಾಲಿಕ್ ಜ್ಯಾಮಿತಿಯ ಮೇಲೆ, ಅಂದರೆ ಸಮಾಂತರ ರೇಖೆಯ ಹಳೆಯ ನಿಯಮ ನಡೆಯದ ಜ್ಯಾಮಿತಿಯ ಮೇಲೆ, ಮೂರು ದಿನದ ಕಾರ್ಯಾಗಾರ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎದ್ದ ಮೊದಲ ಪ್ರಶ್ನೆ, "ಸರ್ಟಿಫಿಕೇಟ್ ಮೇಲೆ ನ್ಯಾಷನಲ್ ಲೆವೆಲ್ ಅಂತ ಹಾಕ್ತಾರೇನ್ರಿ?" ಎರಡನೆಯದು, "ಊಟ ಅವರದೇನಾ?" ಎರಡಕ್ಕೂ ಉತ್ತರ ಹೌದು. ಅಲ್ಲಿ ಏನಾದರೂ ಕಲಿಸುತ್ತಾರಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಅದರ ಉತ್ತರ ಸ್ವಲ್ಪ ಉದ್ದವಿದೆ, ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನಾನು ಸಿರುಗುಪ್ಪದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಕಾರ್ಯಾಗಾರ ನಡೆಸಿದ್ದು ಬಳ್ಳಾರಿಯ ಒಂದು ಕಾಲೇಜಿನ ಗಣಿತ ವಿಭಾಗ. ಹೆಸರು ಬೇಡ, ಹೋದವರಿಗೆ ಗೊತ್ತಾಗುತ್ತದೆ. ನೋಂದಣಿ ಶುಲ್ಕ ವಿದ್ಯಾರ್ಥಿಗಳಿಗೆ 300 ರೂಪಾಯಿ, ಉಪನ್ಯಾಸಕರಿಗೆ 800. ಅತಿಥಿ ಉಪನ್ಯಾಸಕರಿಗೂ ಅಷ್ಟೇನಾ ಅಂತ ಕೌಂಟರಿನಲ್ಲಿ ಕೇಳಿದರೆ, "ಉಪನ್ಯಾಸಕರು ಅಂದ್ರ ಎಲ್ಲರೂ ಒಂದೇ ಅಲ್ರಿ ಮೇಡಂ" ಅಂದರು. ಈ ಸಮಾನತೆ ಸಂಬಳದ ದಿನ ಯಾರ ಬಾಯಲ್ಲೂ ಬರುವುದಿಲ್ಲ. ಕೊಟ್ಟ 800ಕ್ಕೆ ಸಿಕ್ಕಿದ್ದು ಜಿಪ್ ಅರ್ಧಕ್ಕೆ ನಿಲ್ಲುವ ಒಂದು ಬ್ಯಾಗು, ಪೆನ್ನು, ಇಂಗ್ಲಿಷ್ ಪುಸ್ತಕಗಳ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಹೊಲಿದ ಒಂದು ಕೈಪಿಡಿ. ಆ ಬ್ಯಾಗಿನ ದುಡ್ಡಿಗೆ ತಲೆಗೊಂದು ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಕೊಡಬಹುದಿತ್ತು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೊದಲ ದಿನದ ಬೆಳಿಗ್ಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೀಪ, ಪ್ರಾರ್ಥನೆ, ಶಾಲು, ಹಾರ, ನೆನಪಿನ ಕಾಣಿಕೆ, ವೇದಿಕೆ ಮೇಲೆ ಕೂತ ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹಿಡಿದು ಸ್ವಾಗತ. ರಾಮಾನುಜನ್ ಹೆಸರು ಎಲ್ಲರ ಬಾಯಲ್ಲೂ ಬಂತು, ಜ್ಯಾಮಿತಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಮಧ್ಯೆ ಕೊಟ್ಟ ಒಗ್ಗರಣೆ ಮಿರ್ಚಿ ಮಾತ್ರ ಚೆನ್ನಾಗಿತ್ತು, ಮಂಡಕ್ಕಿ ಹದವಾಗಿ ನೆಂದಿತ್ತು.

ಆಮೇಲೆ ಇತಿಹಾಸದ ಉಪನ್ಯಾಸ. ಇದರ ಮೇಲೆ ನನಗೆ ನಿಜವಾಗಿಯೂ ತಕರಾರಿದೆ, ಯಾಕೆಂದರೆ ಗಣಿತದಲ್ಲಿ ಇಷ್ಟು ರೋಚಕ ಕತೆ ಇನ್ನೊಂದು ಸಿಗುವುದು ಕಷ್ಟ. ಒಂದು ಸರಳರೇಖೆ, ಅದರ ಹೊರಗೊಂದು ಬಿಂದು. ಆ ಬಿಂದುವಿನ ಮೂಲಕ ಆ ರೇಖೆಗೆ ಒಂದೇ ಒಂದು ಸಮಾಂತರ ರೇಖೆ ಎಳೆಯಬಹುದು ಅಂತ ನಾವೆಲ್ಲ ಹೈಸ್ಕೂಲಿನಿಂದ ಒಪ್ಪಿಕೊಂಡು ಬಂದಿದ್ದೇವೆ. ಯೂಕ್ಲಿಡನ ಐದನೇ ಆಧಾರ ಪ್ರತಿಜ್ಞೆಯ ಸಾರ ಇದು. ಎರಡು ಸಾವಿರ ವರ್ಷ ಜನ ಇದನ್ನು ಉಳಿದ ನಾಲ್ಕರಿಂದ ಸಾಧಿಸಲು ಹೆಣಗಿದರು. ಇಟಲಿಯ ಪಾದ್ರಿ ಸಕ್ಕೇರಿ 1733ರಲ್ಲಿ ಇದು ಸುಳ್ಳೆಂದು ಊಹಿಸಿಕೊಂಡು, ವಿರೋಧಾಭಾಸ ಹುಡುಕುತ್ತ ಹೋಗಿ, ಒಂದಾದ ಮೇಲೊಂದು ಸರಿಯಾದ ಪ್ರಮೇಯಗಳನ್ನೇ ಪಡೆದ. ಕೊನೆಗೆ ಇದು ಸರಳರೇಖೆಯ ಸ್ವಭಾವಕ್ಕೇ ಒಗ್ಗುವುದಿಲ್ಲ ಎಂದು ಹೇಳಿ ಮುಗಿಸಿಬಿಟ್ಟ. ಹೊಸ ಜ್ಯಾಮಿತಿಯ ಹೊಸ್ತಿಲಲ್ಲಿ ನಿಂತು ಬಾಗಿಲು ಹಾಕಿಕೊಂಡ ಮನುಷ್ಯ.

ಉಪನ್ಯಾಸದ ಸ್ಲೈಡಿನಲ್ಲಿ ಇದ್ದದ್ದು ಇಷ್ಟು: ಗೌಸ್, ಬೋಯಾಯಿ, ಲೊಬಚೆವ್‌ಸ್ಕಿ ಮೂವರೂ ಸೇರಿ ಹೈಪರ್ಬಾಲಿಕ್ ಜ್ಯಾಮಿತಿ ಕಂಡುಹಿಡಿದರು. ಸೇರಿದ್ದೆಲ್ಲಿ? ಲೊಬಚೆವ್‌ಸ್ಕಿ ರಷ್ಯಾದ ಕಜಾನ್‌ನಲ್ಲಿ ಕೂತು 1829ರಲ್ಲಿ ಪ್ರಕಟಿಸಿದ. ಹಂಗೇರಿಯ ಯಾನೋಶ್ ಬೋಯಾಯಿ ಅದರ ಗಾಳಿಯೂ ಸೋಕದೆ ತನ್ನಷ್ಟಕ್ಕೆ ಮಾಡಿ, ಅಪ್ಪ ಬರೆದ ಪುಸ್ತಕದ ಅನುಬಂಧವಾಗಿ 1832ರಲ್ಲಿ ಹೊರತಂದ. ಸಮಾಂತರ ರೇಖೆಗಳ ಸಹವಾಸಕ್ಕೆ ಹೋಗಬೇಡ ಅಂತ ಮಗನಿಗೆ ಪತ್ರ ಬರೆದು ಬೇಡಿಕೊಂಡಿದ್ದೂ ಅದೇ ಅಪ್ಪ. ಪುಸ್ತಕ ಅಪ್ಪನ ಹಳೆಯ ಗೆಳೆಯ, ಜರ್ಮನಿಯ ಗಣಿತಜ್ಞ ಗೌಸನ ಕೈಗೆ ಹೋದಾಗ ಬಂದ ಉತ್ತರ: ಇದನ್ನು ಹೊಗಳಿದರೆ ನನ್ನನ್ನೇ ಹೊಗಳಿಕೊಂಡಂತೆ, ಇದೆಲ್ಲ ನಾನು ಮೊದಲೇ ಯೋಚಿಸಿದ್ದೆ. ಗೌಸ್ ತನ್ನದನ್ನು ಪ್ರಕಟಿಸಿಯೇ ಇರಲಿಲ್ಲ, ಕಡೆಗೂ ಪ್ರಕಟಿಸಲಿಲ್ಲ. ಹುಡುಗನ ಮನಸ್ಸು ಮುರಿಯಿತು. ಹಿಂದಿನ ಬೆಂಚಿನಲ್ಲಿ ರೀಲ್ಸ್ ನೋಡುತ್ತಿದ್ದ ಹುಡುಗರು ಈ ಕತೆ ಹೇಳಿದ್ದರೆ ತಲೆ ಎತ್ತುತ್ತಿದ್ದರು. ಹೇಳಲಿಲ್ಲ. ಮಾನ್ಯರು ಸ್ಲೈಡ್ ಓದಿದರು, ನಾವೂ ಓದಿದೆವು, ಅವರಿಗಿಂತ ಬೇಗ ಓದಿ ಮುಗಿಸಿದೆವು.

ಮಧ್ಯಾಹ್ನದ ಕಂಪ್ಯೂಟರ್ ಲ್ಯಾಬ್ ಪರವಾಗಿರಲಿಲ್ಲ. ಅರ್ಧ ಮೌಸ್ ಕೆಲಸ ಮಾಡುತ್ತಿರಲಿಲ್ಲ, ಆದರೆ ಜಿಯೋಜಿಬ್ರಾ ಅನ್ನುವ ಗಣಿತದ ತಂತ್ರಾಂಶ ಹಾಕಿಟ್ಟಿದ್ದರು, ಅದು ಹೇಗೂ ಉಚಿತ. ಫ್ರೆಂಚ್ ಗಣಿತಜ್ಞ ಪೊಂಕರೆಯ ಡಿಸ್ಕ್ ಅಲ್ಲೇ ಪರಿಚಯವಾಯಿತು. ಇಡೀ ಅನಂತ ಸಮತಲವನ್ನು ಒಂದು ವೃತ್ತದೊಳಗೆ ಕೂರಿಸುವ ಉಪಾಯ ಅದು. ಅಲ್ಲಿ ಸರಳರೇಖೆ ಅಂದರೆ ವೃತ್ತದ ವ್ಯಾಸ, ಇಲ್ಲವೇ ಅಂಚಿಗೆ ಲಂಬವಾಗಿ ಬಂದು ಮುಟ್ಟುವ ಕಂಸ. ಒಂದು ಕಂಸ ಎಳೆದು, ಹೊರಗೊಂದು ಬಿಂದು ಇಟ್ಟು, ಆ ಬಿಂದುವಿನ ಮೂಲಕ ಮೊದಲನೆಯದನ್ನು ಮುಟ್ಟದ ಕಂಸಗಳನ್ನು ಎಳೆಯುತ್ತ ಹೋದರೆ ಮುಗಿಯುವುದೇ ಇಲ್ಲ. ಯೂಕ್ಲಿಡನ ಒಂದೇ ಸಮಾಂತರ ರೇಖೆ ಇಲ್ಲಿ ಲೆಕ್ಕವಿಲ್ಲದಷ್ಟಾಗಿ ಕಣ್ಣೆದುರೇ ಹರಡಿಕೊಂಡಿತು.

ಲ್ಯಾಬ್ ನಡೆಸಿದ ಸಂಶೋಧನಾ ವಿದ್ಯಾರ್ಥಿ ಚಿಕ್ಕ ಹುಡುಗ, ಮಾತು ಕಮ್ಮಿ, ಆದರೆ ಲೆಕ್ಕ ಕೊಡುವುದರಲ್ಲಿ ಎತ್ತಿದ ಕೈ. ಡಿಸ್ಕಿನ ತ್ರಿಜ್ಯ 1 ಅಂತ ಇಟ್ಟುಕೊಂಡು, ಕೇಂದ್ರದಿಂದ ಒಂದು ಬಿಂದುವಿಗೆ ಹೈಪರ್ಬಾಲಿಕ್ ದೂರ ಎಷ್ಟು ಅಂತ ಎಲ್ಲರಿಂದಲೂ ಹಾಕಿಸಿದ. ಸೂತ್ರ ಸಣ್ಣದು: ಚಿತ್ರದಲ್ಲಿ ಕೇಂದ್ರದಿಂದ ಆ ಬಿಂದುವಿಗಿರುವ ದೂರ r ಆದರೆ, ಒಂದಕ್ಕೆ r ಕೂಡಿಸಿ, ಒಂದರಿಂದ r ಕಳೆದು, ಭಾಗಿಸಿ, ನ್ಯಾಚುರಲ್ ಲಾಗ್ ತೆಗೆಯಬೇಕು. r 0.5 ಇದ್ದಾಗ ದೂರ ಸುಮಾರು 1.1. 0.9ಕ್ಕೆ 2.94. 0.99ಕ್ಕೆ 5.29. 0.999ಕ್ಕೆ 7.6. ಚಿತ್ರದಲ್ಲಿ ಕೂದಲೆಳೆಯಷ್ಟು ಮುಂದೆ ಹೋದರೆ ನಿಜದಲ್ಲಿ ಎರಡು ಮಾನಕ್ಕಿಂತ ಹೆಚ್ಚು ನಡೆದಿರುತ್ತೀರಿ, ಅಂಚು ಮಾತ್ರ ಎಂದೂ ಸಿಗುವುದಿಲ್ಲ. ಕ್ಯಾಲ್ಕ್ಯುಲೇಟರ್ ಇಲ್ಲದವರು ಮೊಬೈಲನ್ನು ಅಡ್ಡ ತಿರುಗಿಸಿ ಲಾಗ್ ಬಟನ್ ಹುಡುಕುವುದರಲ್ಲೇ ಕಾಲು ಗಂಟೆ ಹೋಯಿತು. ಬ್ಯಾಗಿನ ಮಾತು ತೆಗೆದದ್ದು ಇದಕ್ಕೇ.

ಅಲ್ಲೇ ಕಂಪ್ಲಿ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಎದ್ದು ಕೇಳಿದರು: "ಸರ್, ನಮ್ಮ ಎಸ್ಸೆಸ್ಸೆಲ್ಸಿ ಹುಡುಗ್ರಿಗೆ ಇದರಾಗ ಏನೈತಿ?" ಹುಡುಗ ಮೇಲೆ ಕೆಳಗೆ ನೋಡದೆ ಹೇಳಿದ: "ಸರ್, ಇಲ್ಲಿ ಸಮರೂಪ ತ್ರಿಭುಜಗಳೇ ಇಲ್ಲ. ಮೂರೂ ಕೋನ ಸಮ ಆದ್ರೆ ತ್ರಿಭುಜ ಸರ್ವಸಮ ಆಗಿಬಿಡುತ್ತೆ. ಆಕಾರ ಅದೇ ಇಟ್ಟು ದೊಡ್ಡದು ಮಾಡೋಕೆ ಬರೋದಿಲ್ಲ." ಮೇಷ್ಟ್ರು ನಕ್ಕು, "ಹಂಗಾದ್ರ ಥೇಲ್ಸ್ ಪ್ರಮೇಯನೂ ಹೋತು, ಹುಡುಗ್ರು ನಿಮಗ ಪೂಜಿ ಮಾಡ್ತಾರ ಬಿಡ್ರಿ" ಅಂದರು. ಇಡೀ ಲ್ಯಾಬ್ ನಕ್ಕಿತು. ಆಮೇಲೆ ಅದೇ ಮೇಷ್ಟ್ರಿಂದಲೇ ಪೈಥಾಗರಸ್ ಹಾಕಿಸಿದ. ಗೌಂಡಿಗಳು ಪಾಯಕ್ಕೆ ಮೂಲೆಮಟ್ಟ ಹಿಡಿಯಲು ದಾರ ಕಟ್ಟುವ 3, 4, 5 ಗೊತ್ತಲ್ಲ. ವಕ್ರತೆ (ಎಷ್ಟು ಬಾಗಿದೆ ಅನ್ನುವ ಅಳತೆ) ಮೈನಸ್ ಒಂದು ಇರುವ ಹೈಪರ್ಬಾಲಿಕ್ ಸಮತಲದಲ್ಲಿ ಲಂಬಕೋನದ ಎರಡು ಬಾಹು 3 ಮತ್ತು 4 ಇದ್ದರೆ ವಿಕರ್ಣ 5 ಅಲ್ಲ, ಸುಮಾರು 6.31. ವರ್ಗಗಳನ್ನು ಕೂಡಿಸುವ ಬದಲು ಕಾಶ್ (cosh, ಹೈಪರ್ಬಾಲಿಕ್ ಕೊಸೈನ್) ಬೆಲೆಗಳನ್ನು ಗುಣಿಸಬೇಕು. ಬಾಹುಗಳು ತೀರಾ ಚಿಕ್ಕವಿದ್ದಾಗ ಮಾತ್ರ ನಮ್ಮ ಹಳೆಯ ಪೈಥಾಗರಸ್ ಸೂತ್ರದ ಹತ್ತಿರ ಹತ್ತಿರ ಬರುತ್ತದೆ. ಮೇಷ್ಟ್ರು ಉತ್ತರವನ್ನು ಕೈಪಿಡಿಯ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು.

ಎರಡನೇ ದಿನದ ಬೆಳಿಗ್ಗೆ ಮೊಸ್ಟೋವ್‌ನ ದೃಢತೆಯ ಪ್ರಮೇಯ. ಅಮೆರಿಕದ ಗಣಿತಜ್ಞನ 1968ರದ್ದು, ದೊಡ್ಡ ಪ್ರಮೇಯ. ಉಪನ್ಯಾಸ ಕೊಟ್ಟವರು ವಿಷಯ ಬಲ್ಲವರು, ಅದರಲ್ಲಿ ಅನುಮಾನವಿಲ್ಲ. ಆದರೆ ಕೂತವರಲ್ಲಿ ಹೆಚ್ಚಿನವರು ಬಿ.ಎಸ್ಸಿ ಹುಡುಗರು, ಅವರ ಮುಂದೆ ಮೂಲಭೂತ ಗ್ರೂಪು, ಮ್ಯಾನಿಫೋಲ್ಡ್, ಐಸೊಮೆಟ್ರಿ ಅಂತ ಒಂದರ ಹಿಂದೊಂದು ಬಂದರೆ ತಲೆ ಮೇಲೆ ಹಾದುಹೋಗದೆ ಇನ್ನೇನು. ನನ್ನ ಪಕ್ಕದ ಹುಡುಗಿ ನೋಟ್ಸಿನಲ್ಲಿ "ರಿಜಿಡಿಟಿ" ಅಂತ ಬರೆದು ಅದರ ಸುತ್ತ ಹೂವು ಬಿಡಿಸುತ್ತ ಕೂತಳು. ಇದೇ ಉಪನ್ಯಾಸ ಮಧ್ಯಾಹ್ನದ ನಂತರ ಇಟ್ಟಿದ್ದರೆ ಅವಳಿಗೂ ತಿಳಿಯುತ್ತಿತ್ತು. ಹೇಗೆ ಅಂತ ಹೇಳುತ್ತೇನೆ.

ಮಧ್ಯಾಹ್ನದ ಗೋಷ್ಠಿ ಹೈದರಾಬಾದಿನಿಂದ ಬಂದಿದ್ದ ಪ್ರಾಧ್ಯಾಪಕಿಯೊಬ್ಬರದು. ಕನ್ನಡ ತಡವರಿಸಿಕೊಂಡು ಬರುತ್ತಿತ್ತು, ಸಿಗದ ಕಡೆ ತೆಲುಗು ಸೇರಿಸುತ್ತಿದ್ದರು. ಬಳ್ಳಾರಿಯಲ್ಲಿ ತೆಲುಗು ಯಾರಿಗೆ ಬರುವುದಿಲ್ಲ? ಯಾರಿಗೂ ತೊಂದರೆಯಾಗಲಿಲ್ಲ. ಹಿಂದಿನ ಸಂಜೆಯೇ "ಯಾರಾದರೂ ಹಳೆಯ ಜೀನ್ಸ್ ತರ್ತೀರಾ, ಮೂರು ಬೇಕು, ಸೈಜ್ ಒಂದೇ ಇರಲಿ" ಅಂತ ಕೇಳಿದ್ದರು. ಈ ಊರಲ್ಲಿ ಜೀನ್ಸಿಗೆ ಬರವೇ? ಕೌಲ್ ಬಜಾರಿನಲ್ಲಿ ಮನೆಯವರದೇ ಹೊಲಿಗೆ ಯೂನಿಟ್ ಇರುವ ಬಿ.ಎಸ್ಸಿ ಕೊನೆ ವರ್ಷದ ಹುಡುಗನೊಬ್ಬ ಮೂರು ರಿಜೆಕ್ಟ್ ಪೀಸು, ಒಂದು ಬ್ಲೇಡು, ಒಂದು ಡಬ್ಬಿ ಸೇಫ್ಟಿ ಪಿನ್ ಹಿಡಿದು ಬಂದಿದ್ದ.

ಮೇಡಂ ಒಂದು ಪ್ಯಾಂಟನ್ನು ಟೇಬಲ್ ಮೇಲೆ ಚಾಚಿದರು. "ಜಿಪ್ ಹಾಕಿಬಿಡಿ. ಈಗ ಎಷ್ಟು ಬಾಯಿ?" ಮೂರು: ಸೊಂಟ ಒಂದು, ಕಾಲು ಎರಡು. ಹೈಪರ್ಬಾಲಿಕ್ ಮೇಲ್ಮೈಗಳನ್ನು ಓದುವವರು ಯಾವ ದೇಶದವರಾದರೂ ಎಲ್ಲವನ್ನೂ ಕಟ್ಟುವುದು ಇಂಥ ಪ್ಯಾಂಟುಗಳಿಂದಲೇ ಅಂದರು. ಆಮೇಲೆ ಹುಡುಗನಿಗೆ ಹೊಲಿಗೆ ಬಿಚ್ಚಲು ಹೇಳಿದರು. ಅವನು ಸೈಡಿನ ಎರಡು ಹೊಲಿಗೆ, ಒಂದು ಕಾಲಿನ ತುದಿಯಿಂದ ಇನ್ನೊಂದು ಕಾಲಿನ ತುದಿಗೆ ಒಳಗಿಂದ ಹೋಗುವ ಒಂದು ಹೊಲಿಗೆ, ಹೀಗೆ ಮೂರನ್ನು ಬ್ಲೇಡಿನ ಮೂಲೆಯಿಂದ ಸರಸರ ಎತ್ತಿಬಿಟ್ಟ. ಎಷ್ಟು ಚೊಕ್ಕ ಅಂದರೆ ಬಟ್ಟೆಗೆ ಒಂದು ಗೀರು ಬೀಳಲಿಲ್ಲ. ಮುಂದಿನ ಪೀಸು, ಹಿಂದಿನ ಪೀಸು ಬೇರೆಯಾದವು.

"ಒಂದು ಪೀಸಿಗೆ ಅಂಚು ಎಷ್ಟು, ಎಣಿಸಿ." ಸೊಂಟ, ಸೈಡು, ಕಾಲಿನ ಬಾಟಮ್, ಒಳ ಹೊಲಿಗೆ, ಇನ್ನೊಂದು ಬಾಟಮ್, ಇನ್ನೊಂದು ಸೈಡು. ಆರು. ಷಡ್ಭುಜ. ಈಗ ಇದರ ಆರೂ ಮೂಲೆ ಲಂಬಕೋನ ಆಗಬೇಕು ಅಂದರು. ಕಾಗದದ ಮೇಲೆ ಸಾಧ್ಯವೇ ಇಲ್ಲ. ಷಡ್ಭುಜದ ಕೋನಗಳ ಮೊತ್ತ 720 ಡಿಗ್ರಿ, ಆರು ಲಂಬಕೋನ ಅಂದರೆ 540. ಹೈಪರ್ಬಾಲಿಕ್ ಸಮತಲದಲ್ಲಿ ಕೋನಗಳು ಹೀಗೆ ಕೊರತೆ ಬೀಳುವುದೇ ನಿಯಮ, ಅಷ್ಟೇ ಅಲ್ಲ, ಬಿದ್ದ ಕೊರತೆಯೇ ವಿಸ್ತೀರ್ಣ. ಕೊರತೆ 180 ಡಿಗ್ರಿ, ಅಂದರೆ ಪೈ. ಎರಡು ಪೀಸು ಸೇರಿ ಒಂದು ಪ್ಯಾಂಟಿಗೆ ಎರಡು ಪೈ. ಸೊಂಟ ಎಷ್ಟೇ ಇರಲಿ, ಕಾಲಿನ ಸುತ್ತಳತೆ ಎಷ್ಟೇ ಇರಲಿ, ಯಾವ ಮೂರು ಅಳತೆ ಕೊಟ್ಟರೂ ಒಂದು ಪ್ಯಾಂಟು ಆಗುತ್ತದೆ, ಆ ಅಳತೆಗೆ ಒಂದೇ ಒಂದು ಥರದ್ದು ಆಗುತ್ತದೆ, ವಿಸ್ತೀರ್ಣ ಮಾತ್ರ ಯಾವಾಗಲೂ ಎರಡು ಪೈ.

ಹುಡುಗ ಬ್ಲೇಡು ಕೆಳಗಿಟ್ಟ. "ಮೇಡಂ, 28 ಸೈಜಿಗೂ 40 ಸೈಜಿಗೂ ಬಟ್ಟೆ ಅಷ್ಟೇ ಹಿಡೀತದಾ?"

"ಅಷ್ಟೇ."

"ನಮ್ಮಪ್ಪಗ ಹೇಳ್ಬೇಕು ಇದನ್ನ."

ಆಮೇಲೆ ಉಳಿದ ಎರಡು ಪ್ಯಾಂಟನ್ನು ಸೊಂಟಕ್ಕೆ ಸೊಂಟ, ಕಾಲಿಗೆ ಕಾಲು ಸೇರಿಸಿ ಪಿನ್ ಹಾಕಿಸಿದರು. ಮುದ್ದೆಯಂತಾದ ಅದನ್ನು ಎತ್ತಿ ಹಿಡಿದಾಗ ಎರಡು ತೂತಿನ ಉದ್ದಿನ ವಡೆ ನೋಡಿದ ಹಾಗಿತ್ತು. ಬಾಯಿ ಎಲ್ಲೂ ಇಲ್ಲ, ತೂತು ಎರಡು. ತೂತಿನ ಸಂಖ್ಯೆ g ಆದರೆ ಪ್ಯಾಂಟು 2g−2 ಬೇಕು, ಕೂಡುವ ಜಾಗಗಳು 3g−3. ನಮ್ಮದಕ್ಕೆ ಎರಡು ಪ್ಯಾಂಟು, ಮೂರು ಕೂಡಿಕೆ, ಎದುರಿಗೇ ಇತ್ತು, ಎಣಿಸಿದೆವು.

ಎರಡನೇ ಕಾಲಿಗೆ ಪಿನ್ ಹಾಕುವ ಮುಂಚೆ ಮೇಡಂ ಅದನ್ನು ಕಾಲು ಸುತ್ತು ತಿರುಗಿಸಿ ಹಾಕಲು ಹೇಳಿದರು. ಹುಡುಗ ಒಪ್ಪಲಿಲ್ಲ. "ಹಂಗ್ ಹಾಕಿದ್ರ ಹೊಲಿಗೆಗೆ ಹೊಲಿಗೆ ಕೂಡೋದಿಲ್ರಿ ಮೇಡಂ, ಪೀಸ್ ರಿಜೆಕ್ಟ್ ಆಗ್ತದ." ಮೇಡಂ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದೇ ಬೇಕಾಗಿದ್ದದ್ದು ಅವರಿಗೆ. ಹೊಲಿಗೆಗೆ ಹೊಲಿಗೆ ಎಷ್ಟು ಸರಿಯಿತು ಅನ್ನುವುದೂ ಒಂದು ಅಳತೆ. ಪ್ರತಿ ಕೂಡಿಕೆಗೂ ಸುತ್ತಳತೆ ಒಂದು, ತಿರುಚು ಒಂದು. ಮೂರು ಕೂಡಿಕೆಗೆ ಒಟ್ಟು ಆರು ಸಂಖ್ಯೆ. ಆ ಆರನ್ನು ಹೇಳಿದರೆ ಎರಡು ತೂತಿನ ಹೈಪರ್ಬಾಲಿಕ್ ಮೇಲ್ಮೈ ಪೂರ್ತಿ ಹೇಳಿದ ಹಾಗೆ. ಸಾಮಾನ್ಯವಾಗಿ 6g−6. ಫೆಂಚೆಲ್ ಮತ್ತು ನೀಲ್ಸನ್ ಹೆಸರಿನ ನಿರ್ದೇಶಾಂಕಗಳು ಇವೇ. ಎಂ.ಎಸ್ಸಿಯಲ್ಲಿ ಒಂದು ಸಾಲಿನಲ್ಲಿ ಹಾದುಹೋಗಿದ್ದ ಈ ಸೂತ್ರ ನನಗೆ ಅರ್ಥವಾದದ್ದು ನೀಲಿ ಬಣ್ಣ ಹತ್ತಿದ ಬೆರಳುಗಳ ಜೊತೆಗೆ. ಈ ಆರು ಮುಂದೆ ಎಲ್ಲಿ ಬರುತ್ತದೆ ಅನ್ನುವುದನ್ನೂ ಅವರು ಬಿಡಲಿಲ್ಲ. ಇಂಥ ಮೇಲ್ಮೈಯಲ್ಲಿ ತನ್ನನ್ನೇ ದಾಟದೆ ಸುತ್ತಿ ಬರುವ ಸರಳರೇಖೆಗಳು, ಉದ್ದ L ಮೀರದವು, ಎಷ್ಟು? L ಬೆಳೆದಂತೆ ಅವು L ಘಾತ 6g−6ರ ಪ್ರಮಾಣದಲ್ಲಿ ಬೆಳೆಯುತ್ತವೆ, ನಮ್ಮ ಜೋಡಿ ಪ್ಯಾಂಟಿನಲ್ಲಿ L ಘಾತ ಆರು. ಇದನ್ನು ಸಾಧಿಸಿದವಳು ಇರಾನಿನ ಮರಿಯಂ ಮಿರ್ಜಾಖಾನಿ, 2014ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ. 2017ರಲ್ಲಿ, ನಲವತ್ತನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡಳು. ಹೂವು ಬಿಡಿಸುತ್ತಿದ್ದ ಹುಡುಗಿ ಈ ಸಲ ಹೆಸರು ಸರಿಯಾಗಿ ಬರೆದುಕೊಳ್ಳಲು ನನ್ನನ್ನು ಎರಡು ಸಲ ಕೇಳಿದಳು.

ಈಗ ಬೆಳಗಿನ ಉಪನ್ಯಾಸಕ್ಕೆ ಬನ್ನಿ. ಮೊಸ್ಟೋವ್ ಹೇಳುವುದು ಏನು? ಮೂರು ಆಯಾಮಕ್ಕೆ ಹೋದರೆ ಈ ಸಡಿಲಿಕೆ ಪೂರ್ತಿ ಹೋಗುತ್ತದೆ. ಸುತ್ತಳತೆ ಬದಲಿಸುವಂತಿಲ್ಲ, ತಿರುಚುವಂತಿಲ್ಲ. ಅಂಚಿಲ್ಲದ ಸಾಂತ ಹೈಪರ್ಬಾಲಿಕ್ ಮ್ಯಾನಿಫೋಲ್ಡ್ (ಮೇಲ್ಮೈಯ ಹೆಚ್ಚು ಆಯಾಮದ ರೂಪ) ಆದರೆ, ಅದರ ಟೋಪಾಲಜಿ, ಅಂದರೆ ಹಿಗ್ಗಿಸಿದರೂ ಬಗ್ಗಿಸಿದರೂ ಬದಲಾಗದ ರಚನೆ, ಗೊತ್ತಾದರೆ ಸಾಕು, ಅಳತೆ ಎಲ್ಲ ತಾನಾಗಿ ನಿಗದಿಯಾಗಿರುತ್ತದೆ. ಜೀನ್ಸನ್ನು ತಿರುಗಿಸಿ ಪಿನ್ ಹಾಕಿದವರಿಗೆ ಈ ಮಾತು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪಿನ್ ಹಾಕದವರಿಗೆ ಅದು ಬರೀ ಒಂದು ಇಂಗ್ಲಿಷ್ ಸ್ಲೈಡು. ಎರಡು ಗೋಷ್ಠಿಗಳನ್ನು ಹಿಂದು ಮುಂದು ಮಾಡಿದ್ದರೆ ಸಾಕಿತ್ತು, ಒಂದು ಪೈಸೆ ಖರ್ಚಿರಲಿಲ್ಲ. ವೇಳಾಪಟ್ಟಿ ಹಾಕಿದವರು ಯಾರು ದೊಡ್ಡವರು, ಯಾರು ಬೆಳಿಗ್ಗೆ ಮಾತಾಡಬೇಕು ಅಂತ ನೋಡಿದರು, ಯಾವುದು ತಿಳಿದ ಮೇಲೆ ಯಾವುದು ತಿಳಿಯುತ್ತದೆ ಅಂತ ನೋಡಲಿಲ್ಲ. ನನ್ನ ಮುಖ್ಯ ದೂರು ಇದೇ. ಅಭಿಪ್ರಾಯದ ಫಾರಂನಲ್ಲೂ ಬರೆದಿದ್ದೇನೆ, ಅದರಲ್ಲಿದ್ದ ಜಾಗ ಒಂದೂವರೆ ಸಾಲು.

ಮೂರನೇ ದಿನ ಕಾಗದದ ತ್ರಿಭುಜ ಅಂಟಿಸಿದೆವು. ಒಂದು ಮೂಲೆಯ ಸುತ್ತ ಸಮಬಾಹು ತ್ರಿಭುಜ ಆರು ಅಂಟಿಸಿದರೆ ಚಪ್ಪಟೆ, ಏಳು ಅಂಟಿಸಿದರೆ ಅಂಚು ಅಲೆಅಲೆಯಾಗಿ ಏಳುತ್ತದೆ. ಚೆನ್ನಾಗಿತ್ತು, ಆದರೆ ಒಂದು ಬ್ಯಾಚಿಗೆ ಫೆವಿಕಾಲ್ ಒಂದೇ ಡಬ್ಬಿ. ಕ್ರೋಶಾದಲ್ಲಿ ಹೆಣೆದ ಹೈಪರ್ಬಾಲಿಕ್ ಸಮತಲದ ಒಂದು ಮಾದರಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಮುಟ್ಟಬೇಡಿ ಅಂತ ಚೀಟಿ ಹಚ್ಚಿದ್ದರು. 1997ರಲ್ಲಿ ಡೈನಾ ಟೈಮಿನಾ ಕಾರ್ನೆಲ್‌ನಲ್ಲಿ ಅದನ್ನು ಹೆಣೆದದ್ದೇ ಹುಡುಗರು ಕೈಯಲ್ಲಿ ಹಿಡಿದು ಮಡಚಿ ನೋಡಲಿ ಅಂತ, ಕಾಗದದ ಮಾದರಿಗಳು ಹರಿದುಹೋಗುತ್ತವೆ ಅಂತ. ಅದನ್ನು ಮುಟ್ಟಬಾರದು ಅಂದರೆ ಏನು ಹೇಳೋಣ.

ಸಂಘಟನೆಯ ಬಗ್ಗೆ ಎರಡು ಮಾತು. ಊಟಕ್ಕೆ ಹೆಸರಿಡುವ ಹಾಗಿಲ್ಲ: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಜ್ಜಿಗೆ. ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಆಫೀಸಿನಲ್ಲಿ, ಆಫೀಸಿನವರು ಊಟಕ್ಕೆ. ಗೋಷ್ಠಿಗಳು ತಡವಾಗಿ ಶುರುವಾಗಿ ತಡವಾಗಿ ಮುಗಿಯುತ್ತಿದ್ದವು, ಸಿರುಗುಪ್ಪ, ಸಂಡೂರು, ಕುರುಗೋಡಿನಿಂದ ಬಂದವರು ಕೊನೆಯ ಅರ್ಧ ಗಂಟೆ ಪಾಠ ಕೇಳುತ್ತಿರಲಿಲ್ಲ, ಬಸ್ಸಿನ ಟೈಮ್ ನೋಡುತ್ತಿದ್ದರು.

ಇಷ್ಟೆಲ್ಲ ದೂರು ಹೇಳಿಯೂ ಹೋಗಿ ಅಂತಲೇ ಹೇಳುತ್ತೇನೆ. ಈ ವಿಷಯದಲ್ಲಿ ದೊಡ್ಡ ಮಟ್ಟದ ಕಾರ್ಯಕ್ರಮ ಬೇಕೆಂದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ, ಅಲ್ಲಿಂದ ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಸಂಶೋಧನಾ ಕೇಂದ್ರ ಐಸಿಟಿಎಸ್‌ಗೆ ಹೋಗಬೇಕು. ಅಲ್ಲಿ ನಡೆಯುವುದು ಹೆಚ್ಚಾಗಿ ಸಂಶೋಧಕರ ಮಟ್ಟದ ಮಾತು. ರಾಮಕೃಷ್ಣ ಮಿಷನ್ನಿನ ಸಂನ್ಯಾಸಿಯಾಗಿದ್ದುಕೊಂಡೇ ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಪ್ರಾಧ್ಯಾಪಕರಾಗಿರುವ, 2015ರ ಇನ್ಫೋಸಿಸ್ ಪ್ರಶಸ್ತಿ ಪಡೆದ ಮಹಾನ್ ಮಹಾರಾಜರಂಥವರು ಕೆಲಸ ಮಾಡುವ ಕ್ಷೇತ್ರ ಇದು. ಗಂಟೆ ಲೆಕ್ಕದಲ್ಲಿ ಸಂಬಳ ಎಣಿಸುವ ನಮ್ಮಂಥವರಿಗೆ, ಮನೆ ಬಿಟ್ಟು ಹೋಗಲಾಗದ ಹುಡುಗಿಯರಿಗೆ ಅದೇ ವಿಷಯ ಬಳ್ಳಾರಿ ಬಸ್ ಸ್ಟ್ಯಾಂಡಿನಿಂದ ಆಟೋ ದೂರದಲ್ಲಿ ಸಿಕ್ಕಿತಲ್ಲ, ಅದಕ್ಕೆ ಒಂದು ನಕ್ಷತ್ರ ಹೆಚ್ಚು ಕೊಡುತ್ತೇನೆ. ಒಟ್ಟು ಐದಕ್ಕೆ ಮೂರೂವರೆ.

ಮುಂದಿನ ವರ್ಷವೂ ಇಡುವ ಯೋಚನೆ ಇದೆಯಂತೆ. ಹೋಗುವವರು ಕ್ಯಾಲ್ಕ್ಯುಲೇಟರ್ ಒಯ್ಯಿರಿ, ಸ್ವಂತ ಅಂಟು ಒಯ್ಯಿರಿ. ಮೊದಲ ದಿನ ಹಾಜರಿ ಸಹಿ ಹಾಕದಿದ್ದರೆ ಸರ್ಟಿಫಿಕೇಟ್ ಇಲ್ಲ, ಆದ್ದರಿಂದ ಹತ್ತಕ್ಕೆ ಸಹಿ ಹಾಕಿ, ಒಗ್ಗರಣೆ ಮಿರ್ಚಿ ತಿಂದು, ಲೈಬ್ರರಿಯಲ್ಲಿ ಕೂತು ಮಧ್ಯಾಹ್ನದ ಲ್ಯಾಬಿಗೆ ಬನ್ನಿ. ಕೈಪಿಡಿಯಲ್ಲಿ ತ್ರಿಭುಜದ ವಿಸ್ತೀರ್ಣದ ಸೂತ್ರದ ಚಿಹ್ನೆ ತಿರುಗಾಮುರುಗಾ ಅಚ್ಚಾಗಿದೆ: ಪೈನಿಂದ ಕೋನಗಳ ಮೊತ್ತ ಕಳೆಯಬೇಕು, ಕೋನಗಳ ಮೊತ್ತದಿಂದ ಪೈ ಅಲ್ಲ. ಈ ವರ್ಷದ ಪ್ರತಿ ಇಟ್ಟುಕೊಂಡವರು ಪೆನ್ನಿನಲ್ಲಿ ತಿದ್ದಿಕೊಳ್ಳಿ. ಆ ಹುಡುಗನ ಜೀನ್ಸ್ ಮಾತ್ರ ಇನ್ನೂ ವಿಭಾಗದ ಕಪಾಟಿನಲ್ಲೇ ಇವೆಯಂತೆ, ಯಾರಾದರೂ ಹೋದಾಗ ಕೇಳಿ ಕೊಡಿಸಿ, ರಿಜೆಕ್ಟ್ ಪೀಸಿಗೂ ಅವರ ಅಂಗಡಿಯಲ್ಲಿ ಲೆಕ್ಕ ಇರುತ್ತದೆ.